ಏಳನೇ ವಾರ

ನಾಳೆ ಹತ್ತೂವರೆಗೆ ಪಠ್ಯಕ್ರಮ ಸಮಿತಿ.
ಮೂರನೇ ಸೆಮಿಸ್ಟರ್, ಜಪಾನಿ ಭಾಷೆ, ಮಧ್ಯಮ ಹಂತ,
ಮೂರು ಕ್ರೆಡಿಟ್ಟು, ಹದಿನಾರು ವಾರ.
'ಕಲಿಕಾ ಫಲಗಳು' ಎಂಬ ಚೌಕದೊಳಗೆ
ಸಂಜೆಯಿಂದ ಕರ್ಸರ್ ಒಂದೇ ಮಿಟುಕುತ್ತಿದೆ.

ಮೊದಲ ವರ್ಷ ಸಲೀಸು.
ನಮ್ಮ ಹಾಗೇ ಅವರಿಗೂ ಕ್ರಿಯಾಪದ ಕೊನೆಗೆ,
ನಾಮಪದದ ಬಾಲಕ್ಕೆ ವಿಭಕ್ತಿಯ ಗಂಟು.
"ಇದು ನಮ್ಮನೆ ಮಾತಿನ ಥರಾನೇ ಐತಲ್ಲ ಮೇಡಂ" ಅಂತ
ಮನೆಯಲ್ಲಿ ತೆಲುಗು, ಶಿಡ್ಲಘಟ್ಟದ ಬಸ್ಸಿನಲ್ಲಿ ಕನ್ನಡ,
ರೀಲಿಂಗ್ ಶೆಡ್ಡಿನಲ್ಲಿ ಉರ್ದು ಆಡುವ ಹುಡುಗರು
ನಾಲ್ಕನೆಯದನ್ನೂ ಚಿಲ್ಲರೆಯಂತೆ ಜೇಬಿಗಿಳಿಸಿದರು.
ಪುಸ್ತಕದ ತನಕಾ-ಸಾನ್ ಅಂಚೆ ಕಚೇರಿಗೆ ಹೊರಟರೆ
"ಎಲ್ಲೀ ತನಕ ಸಾರ್?" ಎಂದು ಅಶ್ವತ್ಥರೆಡ್ಡಿ
ಇಡೀ ತರಗತಿಯನ್ನು ನಗಿಸಿದ್ದ.

ಆಮೇಲೆ ನಗು ನಿಂತಿತು.
'ವಾ' ಎಲ್ಲಿ, 'ಗಾ' ಎಲ್ಲಿ,
ಹಿರಿಯರಿಗೆ ಯಾವ ಕ್ರಿಯಾಪದ, ಗೆಳೆಯರಿಗೆ ಯಾವುದು,
ತಪ್ಪೆಂದು ತಿಳಿಯುವಷ್ಟು ಬಂತು,
ತಿದ್ದುವಷ್ಟು ಬರಲಿಲ್ಲ.
ಎಲ್ಲರಿಗಿಂತ ಬಾಯಿಬಡುಕಿ ಗಂಗರತ್ನ
ಕಿಟಕಿಯ ಪಕ್ಕ ಸರಿದು ಕೂತಳು,
ಹೆಸರು ಕೂಗಿದರೆ 'ಹಾಯ್' ಅನ್ನುವಳು, ಅಷ್ಟೆ.
ನಾನು ಇನ್ನಷ್ಟು ವ್ಯಾಕರಣ ಬಡಿಸಿದೆ.
ಅಭ್ಯಾಸಹಾಳೆ, ಕಿರುಪರೀಕ್ಷೆ, ಮತ್ತೆ ಅಭ್ಯಾಸಹಾಳೆ.

ಹೋದ ಭಾನುವಾರ ಮೇಲೂರಿನ ಹತ್ತಿರ ಅವರ ಮನೆ.
ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ,
ಹುಳುಮನೆಯ ಅರೆಗತ್ತಲಿಗೆ ಹೋದೆ.
ತಟ್ಟೆ ತಟ್ಟೆಯಲ್ಲೂ ಸಾವಿರ ಹುಳು,
ತಲೆ ಎತ್ತಿ, ಅಲುಗದೆ,
ಯಾರೋ ಪ್ರಶ್ನೆ ಕೇಳಿ ಹೋದ ಹಾಗೆ.
"ಸತ್ತಿವೆಯಾ?" ಅಂದೆ.
"ಅಯ್ಯೋ ಬಿಡ್ತು ಅನ್ನಿ! ನಾಲ್ಕನೇ ಜ್ವರಕ್ಕೆ ಕೂತವೆ."
ಪಾಪ ಅನಿಸಿ ಒಂದು ಎಳೆ ಸೊಪ್ಪು ಎತ್ತಿಕೊಂಡೆ.
ಅವಳಮ್ಮ ನನ್ನ ಮಣಿಕಟ್ಟು ಹಿಡಿದರು.
"ಈಗ ಹಾಕಬಾರದು. ಚರ್ಮ ಬಿಡ್ತಾ ಅವೆ.
ಏಳಲಿ. ಎದ್ದ ಮೇಲೆ ನೋಡಿ,
ನಮ್ಮನ್ನೇ ತಿನ್ನೋ ಹಂಗೆ ತಿಂತವೆ."

ರಾತ್ರಿ ನಿಘಂಟು ತೆಗೆದೆ.
ನಾವು ಜ್ವರ ಅನ್ನುವುದಕ್ಕೆ
ಜಪಾನಿಯರು 'ಮಿನ್' ಅನ್ನುತ್ತಾರೆ, ನಿದ್ದೆ.
ಒಂದನೇ ನಿದ್ದೆ, ಎರಡನೇ ನಿದ್ದೆ.
ಅದೇ ಹುಳು, ಅದೇ ತಟ್ಟೆ;
ಒಬ್ಬರು ಹಣೆ ಮುಟ್ಟಿ ನೋಡಿದರು,
ಇನ್ನೊಬ್ಬರು ಹೊದಿಸಿದರು.

ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಕೂರುವುದಿಲ್ಲ.
ಹುಳದ ಜ್ವರ ಒಂದು ಹಗಲು ಒಂದು ರಾತ್ರಿ,
ನನ್ನವರದು ಆಗಸ್ಟಿನಿಂದ ಶುರು.
ಅಲ್ಲಿ ಕೊನೆಯ ಹುಳು ಏಳುವ ತನಕ ಕಾಯುತ್ತಾರೆ.
ಇಲ್ಲಿ ನಸ್ರೀನ್ ತಾಜ್ ಆಗಲೇ ಎದ್ದು
ಬೆಂಚಿನ ಅಂಚು ಕಡಿಯುತ್ತಿದ್ದಾಳೆ.
ಅವಳಿಗೇನು ಹಾಕಲಿ?

ಆದರೂ ತನಕಾ-ಸಾನ್‌ನನ್ನು ಅಂಚೆ ಕಚೇರಿಯಲ್ಲೇ ಬಿಟ್ಟೆ.
ನಾಲ್ಕನೇ ವಾರ: ಗೂಡು ಮಾರುಕಟ್ಟೆ.
ನಸ್ರೀನ್ ಕೊಳ್ಳುವವಳು, ರೆಡ್ಡಿ ಮಾರುವವನು,
ಚೌಕಾಸಿ ಪೂರಾ ಜಪಾನಿಯಲ್ಲಿ,
ಸಿಟ್ಟು ಬಂದರೆ ತೆಲುಗಿಗೆ ಐದು ಮಾತಿನ ರಿಯಾಯಿತಿ.
ಐದನೇ ವಾರ: ತಪ್ಪಿದ ಬಸ್ಸಿಗೆ ಕ್ಷಮೆ ಕೇಳುವುದು,
ಪ್ರಿನ್ಸಿಪಾಲರಿಗೊಂದು ಥರ, ಗೆಳತಿಗೊಂದು ಥರ.
ಆರು: ಅಜ್ಜಿಯ ಮಾತನ್ನು
ಅಜ್ಜಿಯನ್ನು ಕಂಡಿರದವರಿಗೆ ದಾಟಿಸುವುದು.
ಏಳು ಖಾಲಿ.
ಹೊಸ ಪಾಠವಿಲ್ಲ, ಅಂಕವಿಲ್ಲ.
ಕೇಳಿದ್ದನ್ನೇ ಮತ್ತೆ ಕೇಳುವುದು, ಸುಮ್ಮನಿರುವುದು.
ಸಮಿತಿಯವರು ಕನ್ನಡಕ ಏರಿಸಿ
"ಇದೇನಮ್ಮ, ಟೈಪಿಂಗ್ ಬಿಟ್ಟುಹೋಗಿದೆಯಾ?" ಅಂತಾರೆ.
ಉತ್ತರ ಇನ್ನೂ ಹೊಳೆದಿಲ್ಲ.

ಹನ್ನೊಂದೂಕಾಲಿಗೆ ಫೋನು ಮಿನುಗಿತು.
ಗಂಗರತ್ನಳ ದನಿ, ಹಿಂದೆ ಸರಸರ ಸದ್ದು,
ಹಾಳೆಯನ್ನು ಯಾರೋ ನಿಲ್ಲಿಸದೆ ಹರಿದಂತೆ.
"ಕಾಯ್ಕೋ ಒಕಿಮಾಶಿತಾ. ವಾತಾಶಿ ನೆಮುಯ್."
ಹುಳು ಎದ್ದವು. ನಾನು ನಿದ್ದೆ.
'ವಾ' ಇಲ್ಲ, 'ಗಾ' ಇಲ್ಲ,
ಮೇಡಂಗೆ ತಕ್ಕ ಮರ್ಯಾದೆಯ ರೂಪ ಮೊದಲೇ ಇಲ್ಲ.
ಮೂರು ಸಲ ಕೇಳಿದೆ.
ಎಂಟನೇ ವಾರದ ಚೌಕದಲ್ಲಿ
ಹೇಗಿತ್ತೋ ಹಾಗೇ ಬರೆದುಕೊಂಡೆ.